ಘಾನಾದ ಒಹೆಮಾ: "ರಾಣಿ" ಎಂದು ಬರೆದರೆ ಸರಿಯಾಗುತ್ತಾ?

ಓದುಮನೆ, ಮೈಸೂರು

ಎಲ್ಲರಿಗೂ ನಮಸ್ಕಾರ. ನಮ್ಮ ಬಡಾವಣೆಯ ಲೈಬ್ರರಿಯಲ್ಲಿ ಒಂದಿಷ್ಟು ಜನ ಹೆಂಗಸರು ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬರು ಏನಾದರೂ ಓದಿಕೊಂಡು ಬಂದು ಹೇಳುವುದು, ಉಳಿದವರು ಕೇಳುವುದು. ಈ ಸಲ ನನ್ನ ಸರದಿ. ಬೋರ್ಡಿನ ಮೇಲೆ "ಘಾನಾದ ರಾಣಿ ಯಾ ಅಸಾಂಟೆವಾ" ಎಂದು ಬರೆದು ಬಂದೆ. ಮಾರನೇ ದಿನ ಅದನ್ನು ಓದಿದ ಅಜ್ಜಿಯೊಬ್ಬರು ಕೇಳಿದರು, "ಯಾವ ರಾಜನ ಹೆಂಡತಿ ಈಕೆ?"

ಅಲ್ಲೇ ಸಿಕ್ಕಿಹಾಕಿಕೊಂಡೆ. ಯಾ ಅಸಾಂಟೆವಾ ಅಂದರೆ 1900ರಲ್ಲಿ ಪಶ್ಚಿಮ ಆಫ್ರಿಕಾದ ಘಾನಾದಲ್ಲಿ ಬ್ರಿಟಿಷರ ವಿರುದ್ಧದ ಯುದ್ಧದ ಮುಂದೆ ನಿಂತವರು. ಆಕೆಯ ಅಧಿಕಾರ ಯಾವ ರಾಜನ ಹೆಂಡತಿಯಾಗಿ ಬಂದದ್ದೂ ಅಲ್ಲ. ಅಸಾಂಟೆ ಜನರ ರಾಜಧಾನಿ ಕುಮಾಸಿ ಹತ್ತಿರದ ಎಜಿಸು ಎಂಬ ಊರಿನ ಒಹೆಮಾ ಆಗಿದ್ದರು. ಅಸಾಂಟೆ ಜನರಲ್ಲಿ ಹೆಚ್ಚುಕಡಿಮೆ ಪ್ರತಿ ಪಟ್ಟಕ್ಕೂ ಒಂದು ಜೋಡಿ ಪಟ್ಟ ಇರುತ್ತದೆ. ಗಂಡಸಿನದು ಒಹೆನೆ, ಹೆಂಗಸಿನದು ಒಹೆಮಾ. ಇವರಿಬ್ಬರೂ ಗಂಡ ಹೆಂಡತಿ ಅಲ್ಲ. ಒಹೆಮಾ ಅವನ ತಾಯಿ ಇರಬಹುದು, ಅಕ್ಕ ಇರಬಹುದು, ದೊಡ್ಡಮ್ಮ ಇರಬಹುದು. ಆಕೆಗೆ ಬೇರೆ ಪೀಠ ಇದೆ, ಬೇರೆ ಆಸ್ಥಾನ ಇದೆ, ಮಾತನ್ನು ಸಭೆಗೆ ತಲುಪಿಸುವ ಬೇರೆ ವಕ್ತಾರರೂ ಇದ್ದಾರೆ. ಒಹೆನೆ ತೀರಿಕೊಂಡರೆ ಮುಂದೆ ಯಾರು ಎಂದು ಹೆಸರು ಹೇಳಬೇಕಾದವರು ಈಕೆಯೇ. ಕುಲದಲ್ಲಿ ಯಾರು ಯಾರ ಮಗ, ಯಾರಿಗೆ ಹಕ್ಕಿದೆ, ಯಾರಿಗಿಲ್ಲ ಎಂಬ ಲೆಕ್ಕವೆಲ್ಲ ಈಕೆಯ ತಲೆಯಲ್ಲಿರುತ್ತದೆ. ಒಹೆನೆ ತಪ್ಪು ಮಾಡಿದರೆ ತುಂಬಿದ ಸಭೆಯಲ್ಲೇ ಗದರುವ ಹಕ್ಕೂ ಈಕೆಗಿದೆ.

ಇಂಗ್ಲಿಷಿನವರು ಇದನ್ನು ಕ್ವೀನ್ ಮದರ್ ಎಂದು ಬರೆದುಬಿಟ್ಟರು. ಅದನ್ನು "ರಾಜಮಾತೆ" ಎಂದರೆ ನಮ್ಮ ಮೈಸೂರಿನಲ್ಲಿ ರಾಜನ ತಾಯಿ ಎಂದಷ್ಟೇ ಅರ್ಥವಾಗುತ್ತದೆ. "ರಾಣಿ" ಎಂದರೆ ಅಜ್ಜಿಯ ಪ್ರಶ್ನೆ ಬರುತ್ತದೆ. ಹಾಗಾದರೆ ಏನು ಬರೆಯಲಿ?

ಇನ್ನೊಂದು ವಿಷಯ. ಸ್ವಾತಂತ್ರ್ಯ ಬಂದಾಗ ಘಾನಾದ ಶಾಸನಸಭೆಗೆ ಮೊದಲು ಹೋದ ಹೆಂಗಸರು ಇದೇ ಮನೆತನಗಳಿಂದ ಬಂದರಾ, ಅಥವಾ ಅವರ ದಾರಿಯೇ ಬೇರೆಯಾ? ಎರಡನ್ನೂ ಸೇರಿಸಿ ಹೇಳಬೇಕೆಂದಿದ್ದೇನೆ. ಗೊತ್ತಿದ್ದವರು ದಯವಿಟ್ಟು ಬರೆಯಿರಿ.

ಕಡಲತಡಿ

ಅಕ್ಕಾ, ನಮ್ಮ ಮಂಗಳೂರು ಕಡೆಯವರಿಗೆ ಇದನ್ನು ಹೇಳುವುದು ಸುಲಭ. ಅಳಿಯಸಂತಾನ ಕಟ್ಟು ಗೊತ್ತಿದ್ದರೆ ಅರ್ಧ ಕೆಲಸ ಮುಗಿದ ಹಾಗೆ.

ನಮ್ಮಲ್ಲಿ ಬಳಿ, ಅಂದರೆ ಕುಲ, ತಾಯಿಯಿಂದ ಬರುತ್ತದೆ. ಅಸಾಂಟೆಯವರಲ್ಲೂ ಕುಲ ತಾಯಿಯಿಂದಲೇ, ಅದಕ್ಕೆ ಅವರು ಅಬುಸುವಾ ಎನ್ನುತ್ತಾರೆ. ಮಗುವಿಗೆ ರಕ್ತ ತಾಯಿಯಿಂದ, ಚೈತನ್ಯ ತಂದೆಯಿಂದ ಎಂಬುದು ಅವರ ನಂಬಿಕೆ. ಹಾಗಾಗಿ ತಂದೆ ರಾಜ ಎಂಬ ಕಾರಣಕ್ಕೆ ಮಗ ರಾಜನಾಗುವುದಿಲ್ಲ. ತಮ್ಮನೋ, ಅಕ್ಕತಂಗಿಯ ಮಗನೋ ಆಗಬೇಕು. ಈಗ ಯೋಚಿಸಿ. ರಾಜನ ಹೆಂಡತಿ ಸಾಮಾನ್ಯವಾಗಿ ಬೇರೆ ಕುಲದವಳು. ಆಕೆಗೆ ಈ ಪಟ್ಟದ ಮೇಲೆ ಹಕ್ಕು ಎಲ್ಲಿಂದ ಬರಬೇಕು? ಹಕ್ಕು ಇರುವುದು ರಾಜನ ಅಮ್ಮನಿಗೆ, ಅಕ್ಕನಿಗೆ, ತಂಗಿಗೆ. ಮುಂದಿನ ರಾಜ ಹುಟ್ಟುವುದೇ ಅವರ ಹೊಟ್ಟೆಯಲ್ಲಿ.

ಅವರಲ್ಲಿ ಒಂದು ಗಾದೆ ಇದೆಯಂತೆ, "ನಿನ್ನ ತಾಯಿ ಸತ್ತರೆ ನಿನ್ನ ಕುಲ ಮುಗಿಯಿತು" ಅಂತ. ನಮ್ಮ ಅಜ್ಜಿ ಇದ್ದಿದ್ದರೆ ಈ ಮಾತಿಗೆ ಹೌದೆನ್ನುತ್ತಿದ್ದರು.

ಆದರೆ ಎರಡೂ ಒಂದೇ ಎಂದು ಮಾತ್ರ ಹೇಳಬೇಡಿ. ನಮ್ಮಲ್ಲಿ ಕುಟುಂಬದ ಹಿರಿಯ ಹೆಂಗಸು ಯಜಮಾನ್ತಿ ಆಗಬಹುದಿತ್ತು. ಆದರೆ ಅದು ಮನೆ, ಆಸ್ತಿಯ ಮಟ್ಟದ್ದು. ಊರಿನ ಸಭೆಯಲ್ಲಿ ಗಂಡಸಿನ ಪಟ್ಟದ ಪಕ್ಕದಲ್ಲೇ ಹೆಂಗಸಿಗೆಂದು ಒಂದು ಪಟ್ಟ ಇಟ್ಟ ಪದ್ಧತಿ ನಮ್ಮಲ್ಲಿ ನಾನು ಕಂಡಿಲ್ಲ.

ಕುಮಾಸಿ ಕಂಡವ

ನಾನು ನಾಲ್ಕು ವರ್ಷ ಕುಮಾಸಿಯಲ್ಲಿ ಜನರೇಟರ್ ಸರ್ವಿಸ್ ಕೆಲಸದಲ್ಲಿದ್ದೆ. ಕಡಲತಡಿ ಅವರು ಹೇಳಿದ್ದು ಅಲ್ಲಿ ದಿನನಿತ್ಯ ಕಾಣಿಸುತ್ತದೆ. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗ ಮದುವೆಯಾಗಲಿ, ಜಮೀನಾಗಲಿ, ಏನೇ ಬಂದರೂ "ವೋಫಾನ ಕೇಳಬೇಕು" ಎನ್ನುತ್ತಿದ್ದ. ವೋಫಾ ಅಂದರೆ ಸೋದರಮಾವ.

ಮನ್ಹಿಯಾ ಅರಮನೆಯಲ್ಲಿ ನಲವತ್ತೆರಡು ದಿನಕ್ಕೊಮ್ಮೆ ಭಾನುವಾರ ಅಕ್ವಾಸಿಡೆ ಎಂಬ ಹಬ್ಬ ನಡೆಯುತ್ತದೆ. ಎರಡು ಸಲ ನೋಡಿದ್ದೇನೆ. ಡೋಲುಗಳ ಸದ್ದಿಗೆ ಎದೆ ನಡುಗುತ್ತದೆ. ಮನೆಯ ಚಾವಣಿಯಷ್ಟು ಅಗಲದ ಕೊಡೆಗಳು, ಕೆಂಟೆ ಬಟ್ಟೆ, ಮೈತುಂಬ ಚಿನ್ನ. ಅಲ್ಲಿ ಒಹೆಮಾಗಳು ಕೂರುವ ಕಡೆಯನ್ನು ನೋಡಬೇಕು ನೀವು. ಬಿಳಿ ಕೂದಲಿನ ಅಜ್ಜಿಯರು. ಅವರ ಮುಂದೆ ಎಂಥ ಗಂಡಸಾದರೂ ಚಪ್ಪಲಿ ಬಿಟ್ಟು, ಭುಜದ ಬಟ್ಟೆ ಇಳಿಸಿ ಬಗ್ಗುತ್ತಾರೆ.

ಇಡೀ ಅಸಾಂಟೆಗೆ ದೊಡ್ಡವರು ಅಸಾಂಟೆಹೆಮಾ. 1977ರಿಂದ ಆ ಪಟ್ಟದಲ್ಲಿದ್ದವರು ನಾನಾ ಆಫಿಯಾ ಕೋಬಿ ಸೆರ್ವಾ ಆಂಪೆಮ್. 1999ರಲ್ಲಿ ರಾಜ ಒಪೊಕು ವಾರೆ ತೀರಿಕೊಂಡಾಗ ಮುಂದಿನ ರಾಜನ ಹೆಸರು ಹೇಳಿದ್ದು ಇವರೇ. ಹೇಳಿದ್ದು ತಮ್ಮ ಮಗನ ಹೆಸರನ್ನು. ಅವರೇ ಈಗಿನ ಅಸಾಂಟೆಹೆನೆ, ಅಂದರೆ ಅಸಾಂಟೆ ರಾಜ, ಎರಡನೇ ಒಸೆಯ್ ಟುಟು. ಸುಮ್ನೆ ಹೆಸರು ಹೇಳಿದರೆ ಆಗಿಬಿಡುವುದಿಲ್ಲ. ಪಟ್ಟ ಕಟ್ಟುವ ಹಿರಿಯರು ಒಪ್ಪಬೇಕು, ಅವರು ಬೇಡ ಎನ್ನಬಹುದು, ಆಗ ಒಹೆಮಾ ಇನ್ನೊಂದು ಹೆಸರು ಹೇಳಬೇಕು. ಆದರೆ ಮೊದಲ ಮಾತು ಆಕೆಯದೇ. ನಾನಾ ಆಫಿಯಾ 2016ರಲ್ಲಿ ತೀರಿಕೊಂಡಾಗ ವಯಸ್ಸು ನೂರು ದಾಟಿತ್ತು. ಆಮೇಲೆ ಮಗಳು ನಾನಾ ಕೊನಾಡು ಯಿಯಾಡೊಮ್ ಪಟ್ಟಕ್ಕೆ ಬಂದರು. ಅವರೂ 2025ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಇನ್ನೊಂದು ಮಾತು. ಕುಮಾಸಿಯ ದೊಡ್ಡ ಮಾರುಕಟ್ಟೆಯಲ್ಲೂ ಒಹೆಮಾಗಳಿದ್ದಾರೆ. ಟೊಮೆಟೊಗೆ ಒಬ್ಬರು, ಗೆಣಸಿಗೆ ಒಬ್ಬರು. ಅಲ್ಲಿನ ದೊಡ್ಡ ಗೆಣಸಿಗೆ ಬಯೆರೆ ಎನ್ನುತ್ತಾರೆ, ಅದರ ವ್ಯಾಪಾರದ ಹಿರಿಯಳು ಬಯೆರೆಹೆಮಾ. ವ್ಯಾಪಾರದ ಜಗಳ, ಸಾಲದ ತಕರಾರು, ಲಾರಿಯವರ ಜೊತೆ ಮಾತುಕತೆ, ಎಲ್ಲ ಇವರ ಮುಂದೆ. ಇವರು ರಾಜಮನೆತನದವರಲ್ಲ, ಅಲ್ಲಿ ಕೂತು ಮಾರುವ ಹೆಂಗಸರೇ ಆರಿಸಿಕೊಂಡವರು. ಅಂದರೆ ಆ ಪದ ಅರಮನೆಯಿಂದ ಸಂತೆಗೂ ಬಂದಿದೆ. ಅದಕ್ಕೇ "ರಾಣಿ" ಹೊಂದುವುದಿಲ್ಲ ಅನ್ನೋದು ನನ್ನ ಅಭಿಪ್ರಾಯ.

ಹಳೇ ಮೇಷ್ಟ್ರು

ನಾನು ಇತಿಹಾಸದ ಪಾಠ ಮಾಡಿದವನು. ಸ್ವಲ್ಪ ಉದ್ದವಾಗುತ್ತದೆ, ತಾಳ್ಮೆಯಿಂದ ಓದಿ.

ಯಾ ಅಸಾಂಟೆವಾ ಒಬ್ಬರನ್ನೇ ಹೇಳಿದರೆ ಕೇಳುವವರಿಗೆ ಆಕೆ ಅಪರೂಪದ ಒಬ್ಬ ವೀರವನಿತೆ, ಎಲ್ಲೋ ಆಕಾಶದಿಂದ ಇಳಿದವಳು ಎನಿಸುತ್ತದೆ. ಹಾಗಲ್ಲ. ಆಕೆಯ ಹಿಂದೆ ಇಂಥ ಹೆಂಗಸರ ಸಾಲೇ ಇದೆ.

ಆಫುವಾ ಕೋಬಿ ಎಂಬ ಅಸಾಂಟೆಹೆಮಾರನ್ನು ತೆಗೆದುಕೊಳ್ಳಿ. ಅವರ ಮಗ ಕೋಫಿ ಕರಿಕರಿ ರಾಜ. ಅವನ ಕಾಲದಲ್ಲಿ ಬ್ರಿಟಿಷರ ಜೊತೆ ಯುದ್ಧವಾಯಿತು, 1874ರ ಫೆಬ್ರವರಿಯಲ್ಲಿ ಕುಮಾಸಿಯನ್ನು ಸುಟ್ಟರು. ಅದೇ ವರ್ಷ ಇನ್ನೊಂದು ಆರೋಪ ಬಂತು. ಹಿಂದಿನ ರಾಜರ ಸಮಾಧಿಗಳಲ್ಲಿ ಇಟ್ಟಿದ್ದ ಚಿನ್ನವನ್ನು ಅವನು ತೆಗೆದುಕೊಂಡ ಎಂದು. ತಾಯಿ ಮಗನ ಪರ ನಿಲ್ಲಲಿಲ್ಲ. ಅವನನ್ನು ಪಟ್ಟದಿಂದ ಇಳಿಸಿದವರ ಜೊತೆ ನಿಂತರು. ಇನ್ನೊಬ್ಬ ಮಗ ಮೆನ್ಸಾ ಬೊನ್ಸು ರಾಜನಾದ. 1883ರಲ್ಲಿ ಅವನನ್ನೂ ಇಳಿಸಲಾಯಿತು. ಮುಂದಿನ ವರ್ಷ ಆಫುವಾ ಕೋಬಿಯನ್ನೇ ಪಟ್ಟದಿಂದ ಇಳಿಸಿದ್ದು ಅವರ ಸ್ವಂತ ಮಗಳು ಯಾ ಅಚಿಯಾ. ತನ್ನ ಮಕ್ಕಳನ್ನು ಪಟ್ಟಕ್ಕೆ ತರುವ ಹಟ ಈಕೆಯದು. ಮೊದಲ ಮಗ ಪಟ್ಟಕ್ಕೆ ಬಂದು ಕೆಲವೇ ವಾರಗಳಲ್ಲಿ ತೀರಿಕೊಂಡ. ಒಳಜಗಳ ನಾಲ್ಕು ವರ್ಷ ನಡೆಯಿತು. 1888ರಲ್ಲಿ ಇನ್ನೊಬ್ಬ ಮಗ ಪ್ರೆಂಪೆಯನ್ನು ಪಟ್ಟಕ್ಕೆ ಕೂರಿಸಿದರು.

ಇದನ್ನು ಯಾಕೆ ಹೇಳಿದೆ ಅಂದರೆ, ಇವರು ಪೂಜೆಗೆ ಇಟ್ಟ ಮೂರ್ತಿಗಳಲ್ಲ. ರಾಜಕೀಯ ಮಾಡಿದವರು. ಗೆದ್ದರು, ಸೋತರು, ತಾಯಿ ಮಗಳು ಎದುರುಬದುರು ನಿಂತರು. ಹಾಗೆಯೇ ತೋರಿಸಿದರೆ ಅವರಿಗೆ ಮರ್ಯಾದೆ ಜಾಸ್ತಿ.

1896ರಲ್ಲಿ ಬ್ರಿಟಿಷರು ಪ್ರೆಂಪೆಯನ್ನು ಹಿಡಿದರು. ಅವನ ಜೊತೆ ತಾಯಿ ಯಾ ಅಚಿಯಾರನ್ನೂ ಹಿಡಿದರು. ಆಕೆಯನ್ನು ಬಿಟ್ಟರೆ ಕೆಲಸ ಕೆಡುತ್ತದೆ ಎಂದು ಅವರಿಗೆ ಅಷ್ಟರಮಟ್ಟಿಗೆ ಗೊತ್ತಿತ್ತು. ಮೊದಲು ಎಲ್ಮಿನಾ ಕೋಟೆ, ಆಮೇಲೆ ಸಿಯೆರಾ ಲಿಯೋನ್, 1900ರಲ್ಲಿ ಹಿಂದೂ ಮಹಾಸಾಗರದ ಸೆಶೆಲ್ಸ್ ದ್ವೀಪ. ಎಜಿಸುವಿನ ಒಹೆನೆಯೂ ಆ ಗುಂಪಿನಲ್ಲಿದ್ದ. ಅವನು ಯಾ ಅಸಾಂಟೆವಾ ಅವರ ಮೊಮ್ಮಗ, ಅವರೇ ಪಟ್ಟಕ್ಕೆ ಹೆಸರು ಹೇಳಿದವನು. ಅವನು ಹೋದ ಮೇಲೆ ಎಜಿಸುವಿನ ಆಡಳಿತ ಅಜ್ಜಿಯ ಕೈಗೆ ಬಂತು.

1900ರ ಮಾರ್ಚ್ 28. ಗವರ್ನರ್ ಹಾಡ್ಜ್‌ಸನ್ ಕುಮಾಸಿಗೆ ಬಂದು ಸಭೆ ಕರೆದ. ಬಂಗಾರದ ಪೀಠ ಎಲ್ಲಿ, ನನಗೆ ಕೂರಲು ಅದನ್ನು ಯಾಕೆ ತಂದಿಲ್ಲ ಎಂದು ಕೇಳಿದ. ಆ ಪೀಠದ ಮೇಲೆ ಅಸಾಂಟೆ ರಾಜನೂ ಕೂರುವುದಿಲ್ಲ. ಅದು ಆಕಾಶದಿಂದ ಮೊದಲ ರಾಜ ಒಸೆಯ್ ಟುಟುವಿನ ತೊಡೆಯ ಮೇಲೆ ಇಳಿಯಿತು, ಇಡೀ ಜನದ ಜೀವ ಅದರಲ್ಲಿದೆ ಎಂಬುದು ಅವರ ನಂಬಿಕೆ. ಸಭೆ ಸುಮ್ಮನೆ ಚದುರಿತು. ಆ ರಾತ್ರಿ ಮುಖ್ಯಸ್ಥರು ಸೇರಿದಾಗ ಕೆಲವರು ಹಿಂಜರಿದರಂತೆ. ಗಂಡಸರು ಮುಂದೆ ಹೋಗದಿದ್ದರೆ ಹೆಂಗಸರು ನಾವು ಹೋಗುತ್ತೇವೆ ಎಂದು ಯಾ ಅಸಾಂಟೆವಾ ಹೇಳಿದ ಮಾತು ಇವತ್ತಿಗೂ ಬಾಯಿಂದ ಬಾಯಿಗೆ ಬರುತ್ತಿದೆ. ಆಕೆಗೆ ಆಗ ಸುಮಾರು ಅರುವತ್ತು.

ಕುಮಾಸಿ ಕೋಟೆಗೆ ಮುತ್ತಿಗೆ ಬಿತ್ತು. ಒಳಗೆ ಗವರ್ನರ್, ಅವನ ಹೆಂಡತಿ, ಸೈನಿಕರು. ಊಟಕ್ಕೂ ಗತಿಯಿಲ್ಲದ ಸ್ಥಿತಿ. ಜೂನ್ 23ರಂದು ಗವರ್ನರ್ ಹೇಗೋ ತಪ್ಪಿಸಿಕೊಂಡು ಹೊರಬಿದ್ದ. ಜುಲೈನಲ್ಲಿ ಹೊಸ ಪಡೆ ಬಂತು. ಕೊನೆಗೆ 1901ರಲ್ಲಿ ಯಾ ಅಸಾಂಟೆವಾ ಸೆರೆಯಾದರು. ಅವರನ್ನೂ ಸೆಶೆಲ್ಸ್‌ಗೆ ಸಾಗಿಸಿದರು. 1921ರ ಅಕ್ಟೋಬರ್ 17ರಂದು ಅಲ್ಲೇ ಕೊನೆಯುಸಿರೆಳೆದರು. ಯಾ ಅಚಿಯಾ ಅದಕ್ಕೂ ನಾಲ್ಕು ವರ್ಷ ಮೊದಲೇ ಅಲ್ಲಿ ತೀರಿಕೊಂಡಿದ್ದರು. ಪ್ರೆಂಪೆಗೆ ಮಾತ್ರ 1924ರಲ್ಲಿ ಊರಿಗೆ ಮರಳಲು ಸಾಧ್ಯವಾಯಿತು. ಬಂಗಾರದ ಪೀಠ ಬ್ರಿಟಿಷರ ಕೈಗೆ ಸಿಗಲೇ ಇಲ್ಲ.

ನೇರ ಮಾತು

ಮೇಷ್ಟ್ರೇ, ಓದಿ ಮೈ ಜುಮ್ಮೆಂದಿತು. ಆದರೂ ಒಂದು ಮಾತು ಕೇಳಲೇಬೇಕು. ತಾಯಿಯ ಕಡೆಯ ಕುಲ ಎಂದ ಮಾತ್ರಕ್ಕೆ ಹೆಂಗಸರ ಆಳ್ವಿಕೆ ಅಂತಲ್ಲ, ಅಲ್ವಾ? ಪಟ್ಟ ಹೋಗುವುದು ಗಂಡಸಿಗೇ. ಆಸ್ತಿ ನೋಡಿಕೊಳ್ಳುವವನು ಸೋದರಮಾವ. ಒಹೆಮಾ ರಾಜಮನೆತನದವಳು, ಸರಿ. ಹೊಲದಲ್ಲಿ ದುಡಿಯುವ ಹೆಂಗಸಿಗೆ, ಜೀತಕ್ಕೆ ತಂದ ಹೆಂಗಸಿಗೆ ಇದರಿಂದ ಏನು ಸಿಕ್ಕಿತು? ಅಸಾಂಟೆಯಲ್ಲಿ ಗುಲಾಮಗಿರಿ ಇತ್ತು ಎಂಬುದನ್ನು ಮರೆಯಬಾರದು.

ಕಡಲತಡಿ ಅವರು ಒಂದು ಗಾದೆ ಹೇಳಿದರು. ಅದೇ ಜನರ ಇನ್ನೊಂದು ಗಾದೆ ನಾನು ಹೇಳುತ್ತೇನೆ. "ಬೆಳಗಾಯಿತು ಅಂತ ಹೇಂಟೆಗೂ ಗೊತ್ತು, ಆದರೂ ಹುಂಜದ ಬಾಯಿ ನೋಡುತ್ತದೆ." ಎರಡನ್ನೂ ಒಟ್ಟಿಗೆ ಇಟ್ಟು ನೋಡಬೇಕು. ಇನ್ನು ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ಯುದ್ಧಕ್ಕೆ, ಹಿಂದಿನವರ ಪೀಠಗಳನ್ನು ಇಟ್ಟ ಕೋಣೆಗೆ ಹೋಗಲು ನಿಷೇಧವಿತ್ತು. ಯಾ ಅಸಾಂಟೆವಾ ಅವರಿಗೆ ಅರುವತ್ತು ಎಂದರಲ್ಲ, ಆ ವಯಸ್ಸೇ ಆಕೆಗೆ ದಾರಿ ಬಿಟ್ಟಿತು.

ಹಳೇ ಮೇಷ್ಟ್ರು

ಸರಿಯಾದ ಪ್ರಶ್ನೆ. ಗುಲಾಮಗಿರಿಯ ಮಾತು ಪೂರ್ತಿ ಒಪ್ಪುತ್ತೇನೆ. ಹೆಂಗಸರ ಆಳ್ವಿಕೆ ಎಂದು ನಾನೂ ಹೇಳುವುದಿಲ್ಲ. ನಾನು ಹೇಳುವುದು ಇಷ್ಟೇ: ಆ ವ್ಯವಸ್ಥೆಯಲ್ಲಿ ಹೆಂಗಸಿಗೆಂದು ಒಂದು ಖುರ್ಚಿ ಕಾಯಂ ಆಗಿ ಇತ್ತು. ಗಂಡ ಸತ್ತನೆಂದು, ಮಗ ಚಿಕ್ಕವನೆಂದು ತಾತ್ಕಾಲಿಕವಾಗಿ ಸಿಕ್ಕ ಖುರ್ಚಿಯಲ್ಲ.

ಓದುಮನೆ, ಮೈಸೂರು

ಮೇಷ್ಟ್ರೇ, ನಿಮ್ಮ ಕೊನೆಯ ಸಾಲು ಓದಿ ನನಗೆ ನಮ್ಮೂರಿನದೇ ನೆನಪಾಯಿತು. 1894ರ ಕೊನೆಯಲ್ಲಿ ಹತ್ತನೇ ಚಾಮರಾಜ ಒಡೆಯರ್ ತೀರಿಕೊಂಡರು. ನಾಲ್ವಡಿಯವರಿಗೆ ಆಗ ಹತ್ತು ವರ್ಷ. ತಾಯಿ ವಾಣಿವಿಲಾಸ ಸನ್ನಿಧಾನ ಕೆಂಪನಂಜಮ್ಮಣ್ಣಿಯವರು 1895ರಿಂದ 1902ರವರೆಗೆ ರೀಜೆಂಟ್ ಆಗಿದ್ದರು. ಅದೇ ವರ್ಷಗಳು ನೋಡಿ! ಅದೇ ಬ್ರಿಟಿಷರು ಇಲ್ಲಿ ಒಬ್ಬ ತಾಯಿಯನ್ನು ಮಗನ ಪರವಾಗಿ ಕೂರಿಸಿದರು, ಅಲ್ಲಿ ಒಬ್ಬ ತಾಯಿಯನ್ನು ಮಗನ ಜೊತೆ ಹಡಗು ಹತ್ತಿಸಿದರು. ಮಗ ದೊಡ್ಡವನಾಗುವ ತನಕ ಎಂಬ ಅಧಿಕಾರ ಅವರಿಗೆ ಅರ್ಥವಾಗುತ್ತಿತ್ತು. ಮಗನ ಪಕ್ಕದಲ್ಲಿ ಯಾವಾಗಲೂ ಇರುವ ಅಧಿಕಾರ ಅವರ ಲೆಕ್ಕಕ್ಕೇ ಸಿಗಲಿಲ್ಲ.

ಇದಕ್ಕೆ ನನಗೆ ಸಿಕ್ಕ ಒಂದು ಪುರಾವೆ ಇದೆ. ಇಡೀ ವಿಷಯದಲ್ಲಿ ನನ್ನ ಮನಸ್ಸಿಗೆ ತುಂಬ ತಟ್ಟಿದ್ದು ಇದೇ. 1920ರ ದಶಕದಲ್ಲಿ ರ‍್ಯಾಟ್ರೆ ಎಂಬ ಬ್ರಿಟಿಷ್ ಅಧಿಕಾರಿ ಅಸಾಂಟೆಯವರ ಪದ್ಧತಿಗಳನ್ನು ಬರೆದಿಡುವ ಕೆಲಸದಲ್ಲಿದ್ದ. ಎಷ್ಟೋ ವರ್ಷ ಆ ಜನರ ನಡುವೆ ಇದ್ದ ಮೇಲೆ ಒಹೆಮಾಗಳ ಸ್ಥಾನ ಎಷ್ಟು ದೊಡ್ಡದು ಎಂದು ಅವನಿಗೆ ತಿಳಿಯಿತು. ಇಷ್ಟು ದಿನ ನನಗೇಕೆ ಇದನ್ನು ಹೇಳಲಿಲ್ಲ ಎಂದು ಹಿರಿಯರನ್ನು ಕೇಳಿದ. ಬಂದ ಉತ್ತರದ ತಾತ್ಪರ್ಯ ಹೀಗಿದೆ: ಬಿಳಿಯರು ನಮ್ಮನ್ನು ಯಾವತ್ತೂ ಇದನ್ನು ಕೇಳಲಿಲ್ಲ. ನೀವು ವ್ಯವಹಾರ ಮಾಡುವುದು ಗಂಡಸರ ಜೊತೆ ಮಾತ್ರ. ನಿಮ್ಮ ಕಣ್ಣಿಗೆ ಹೆಂಗಸರು ಲೆಕ್ಕಕ್ಕಿಲ್ಲ ಎಂದುಕೊಂಡೆವು.

ಇದನ್ನು ಓದಿ ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತುಬಿಟ್ಟೆ. ಸಂಬಳ, ನ್ಯಾಯಸ್ಥಾನ, ಸಭೆಯ ಜಾಗ, ಎಲ್ಲವನ್ನೂ ಸರ್ಕಾರ ಗಂಡಸು ಮುಖ್ಯಸ್ಥರಿಗೆ ಕೊಟ್ಟಿತು. ಒಹೆಮಾ ಹೆಸರು ಕಾಗದದಲ್ಲಿ ಇಲ್ಲ. ಕಾಗದದಲ್ಲಿ ಇಲ್ಲದ್ದು ಮುಂದಿನ ಸರ್ಕಾರಕ್ಕೂ ಕಾಣುವುದಿಲ್ಲ.

ನೇರ ಮಾತು ಅವರ ಗಾದೆಯನ್ನೂ ಬರೆದುಕೊಂಡಿದ್ದೇನೆ. ಎರಡನ್ನೂ ಹೇಳುತ್ತೇನೆ.

ಬೆಳಗಾವಿ ಹುಡುಗಿ

ಅಕ್ಕಾ, ನಿಮ್ಮ ಎರಡನೇ ಪ್ರಶ್ನೆಗೆ ನಾನು ಬರುತ್ತೇನೆ. ಪತ್ರಿಕೋದ್ಯಮ ಓದುವಾಗ ನನಗೆ ಪರಿಚಯವಾದವರು ಮೇಬಲ್ ಡವ್. ಅವರ ದಾರಿ ಅರಮನೆಯದಲ್ಲ, ಪತ್ರಿಕೆಯದು.

1905ರಲ್ಲಿ ಹುಟ್ಟಿದ್ದು. ತಂದೆ ಸಿಯೆರಾ ಲಿಯೋನ್ ಮೂಲದ ವಕೀಲರು. ಓದಿದ್ದು ಫ್ರೀಟೌನ್‌ನಲ್ಲಿ, ಆಮೇಲೆ ಇಂಗ್ಲೆಂಡಿನಲ್ಲಿ. 1930ರ ದಶಕದ ಶುರುವಿನಲ್ಲಿ ರಾಜಧಾನಿ ಅಕ್ರಾದ ಒಂದು ಪತ್ರಿಕೆಯಲ್ಲಿ ಮಾರ್ಜರಿ ಮೆನ್ಸಾ ಎಂಬ ಹೆಸರಿನಲ್ಲಿ ಹೆಂಗಸರ ಅಂಕಣ ಬರೆಯತೊಡಗಿದರು. ಆ ಪತ್ರಿಕೆ ಜೆ. ಬಿ. ಡ್ಯಾಂಕ್ವಾ ಅವರದು. 1933ರಲ್ಲಿ ಅವರನ್ನೇ ಮದುವೆಯಾದರು, ಮುಂದೆ ಬೇರೆಯಾದರು. ಡ್ಯಾಂಕ್ವಾ ಮತ್ತು ಮುಂದೆ ಸ್ವತಂತ್ರ ಘಾನಾದ ಮೊದಲ ಪ್ರಧಾನಿಯಾದ ಕ್ವಾಮೆ ಎನ್‌ಕ್ರೂಮಾ ರಾಜಕೀಯದಲ್ಲಿ ಬದ್ಧ ಎದುರಾಳಿಗಳು. ಮೇಬಲ್ ಸೇರಿದ್ದು ಎನ್‌ಕ್ರೂಮಾ ಅವರ ಕನ್ವೆನ್ಷನ್ ಪೀಪಲ್ಸ್ ಪಾರ್ಟಿಯನ್ನು. ಮಾಜಿ ಗಂಡನ ಎದುರು ಪಕ್ಷ! ಪಕ್ಷದ ಪತ್ರಿಕೆಗೆ 1951ರಲ್ಲಿ ಸಂಪಾದಕಿಯಾದರು. ಪತ್ರಿಕೆ ನಡೆಸುವ ರೀತಿಯ ಬಗ್ಗೆ ಎನ್‌ಕ್ರೂಮಾ ಜೊತೆ ಭಿನ್ನಾಭಿಪ್ರಾಯ ಬಂದು ಕೆಲವೇ ತಿಂಗಳಲ್ಲಿ ಆ ಕುರ್ಚಿ ಹೋಯಿತು. ಪಕ್ಷ ಮಾತ್ರ ಬಿಡಲಿಲ್ಲ. 1954ರ ಜೂನ್ ಚುನಾವಣೆಯಲ್ಲಿ ಗಾ ರೂರಲ್ ಕ್ಷೇತ್ರದಿಂದ ಗೆದ್ದರು. 104 ಜನರ ಸಭೆಯಲ್ಲಿ ಒಬ್ಬಳೇ ಹೆಂಗಸು. ದೇಶ ಸ್ವತಂತ್ರವಾಗುವುದಕ್ಕೆ ಇನ್ನೂ ಮೂರು ವರ್ಷ ಇತ್ತು.

ಇನ್ನೊಬ್ಬರು ಹ್ಯಾನಾ ಕುಡ್ಜೊ. ಇವರ ಬಗ್ಗೆ ಜಾಸ್ತಿ ಜನರಿಗೆ ಗೊತ್ತಿಲ್ಲ, ಅದಕ್ಕೇ ಹೇಳಲೇಬೇಕು. ಬಟ್ಟೆ ಹೊಲಿಯುವವರು. ತಾರ್ಕ್ವಾ ಎಂಬ ಊರಿನಲ್ಲಿದ್ದರು. ನಮ್ಮ ಕೋಲಾರದ ಕೆಜಿಎಫ್ ಥರ ಚಿನ್ನದ ಗಣಿಗಳ ಊರು. ಅಣ್ಣನ ಮನೆಗೆ ಎನ್‌ಕ್ರೂಮಾ ಅತಿಥಿಯಾಗಿ ಬಂದಾಗ ರಾಜಕೀಯದ ಪರಿಚಯವಾಯಿತು. 1948ರಲ್ಲಿ ಗಲಭೆಯಾಗಿ ಆರು ನಾಯಕರನ್ನು ಬಂಧಿಸಿದಾಗ ಅವರ ಬಿಡುಗಡೆಗೆ ಸಹಿ ಸಂಗ್ರಹಿಸಲು ಓಡಾಡಿದರು. 1949ರಲ್ಲಿ ಕನ್ವೆನ್ಷನ್ ಪೀಪಲ್ಸ್ ಪಾರ್ಟಿಯನ್ನು ಹೊಸದಾಗಿ ಕಟ್ಟುವಾಗ ಅಲ್ಲಿದ್ದ ಹೆಂಗಸು ಇವರೊಬ್ಬರೇ. ಆಮೇಲೆ ಊರೂರು ತಿರುಗಿ ಪ್ರಚಾರ. 1957ರಲ್ಲಿ ಹೆಂಗಸರ ಸಂಘ ಕಟ್ಟಿದರು. ಆದರೂ ಸ್ವಾತಂತ್ರ್ಯದ ಚರಿತ್ರೆ ಬರೆದವರು ಇವರ ಹೆಸರನ್ನು ಬಹುತೇಕ ಬಿಟ್ಟೇಬಿಟ್ಟರು.

ನೇರ ಮಾತು

ಹ್ಯಾನಾ ಕುಡ್ಜೊ ಉತ್ತರದ ಜಿಲ್ಲೆಗಳಿಗೆ ಹೋಗಿ, ಅಲ್ಲಿನ ಹೆಂಗಸರಿಗೆ ಬಟ್ಟೆ ಹಂಚಿ, ಬೆತ್ತಲೆ ಇರಬಾರದು ಎಂದು ಚಳವಳಿ ಮಾಡಿದ್ದನ್ನೂ ಬರೆಯಿರಿ. ದಕ್ಷಿಣದ ಹೆಂಗಸು ಬಂದು ಉತ್ತರದ ಹೆಂಗಸಿಗೆ ಹೀಗೆ ಬದುಕು ಎಂದು ಹೇಳುವುದು ನನಗೆ ಸರಿ ಕಾಣಲಿಲ್ಲ.

ಬೆಳಗಾವಿ ಹುಡುಗಿ

ನನಗೂ ಆ ಭಾಗ ಓದುವಾಗ ಕಸಿವಿಸಿಯಾಯಿತು. ಆದರೆ ಅದೇ ಓಡಾಟದಲ್ಲಿ ಆಕೆ ಮಕ್ಕಳ ಆರೈಕೆ, ಸ್ವಚ್ಛತೆ ಎಂದು ಹಳ್ಳಿ ಹಳ್ಳಿ ಸುತ್ತಿದರು. ದೂರದ ಉತ್ತರಕ್ಕೆ ಹೋಗಿ ಕೂತು ಮಾತಾಡಿದ ದಕ್ಷಿಣದವರು ಆಗ ಬಹಳ ಕಡಿಮೆ. ಎರಡನ್ನೂ ಸೇರಿಸಿ ಹೇಳಬೇಕು ಅಂತ ನಾನೂ ಒಪ್ಪುತ್ತೇನೆ.

ಉತ್ತರದ ಮಾತು ಬಂತಲ್ಲ, ಸುಸಾನಾ ಅಲ್-ಹಸನ್ ಅಲ್ಲಿಯವರೇ. ಬೋಲ್ಗಟಾಂಗಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಮುಖ್ಯೋಪಾಧ್ಯಾಯಿನಿ. 1960ರಲ್ಲಿ ಘಾನಾ ಒಂದು ಕಾನೂನು ಮಾಡಿ ಹೆಂಗಸರಿಗೆಂದೇ ಸಂಸತ್ತಿನಲ್ಲಿ ಹತ್ತು ಸೀಟು ಸೇರಿಸಿತು. ಆ ಹತ್ತು ಜನರಲ್ಲಿ ಇವರೂ ಒಬ್ಬರು. ಜೊತೆಗೆ ಸೋಫಿಯಾ ಡೋಕು, ರೆಜಿನಾ ಅಸಮಾನಿ, ಲೂಸಿ ಅನಿನ್, ಅಯನೋರಿ ಬುಕಾರಿ, ಗ್ರೇಸ್ ಅಯೆನ್ಸು ಮುಂತಾದವರು. ಮರುವರ್ಷವೇ ಸುಸಾನಾ ಶಿಕ್ಷಣದ ಉಪಮಂತ್ರಿಯಾದರು. ಆಮೇಲೆ ಸಮಾಜ ಕಲ್ಯಾಣದ ಮಂತ್ರಿ. ಆ ದೇಶದ ಮೊದಲ ಮಂತ್ರಿ ಅವರೇ, ಹೆಂಗಸರಲ್ಲಿ.

ಮಲೆನಾಡ ಮಳೆ

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಹತ್ತು ಸೀಟಿನ ವಿಷಯಕ್ಕೆ ಬಂದೆ. ಆ ಹತ್ತೂ ಜನ ಎದುರಾಳಿಯಿಲ್ಲದೆ ಒಳಗೆ ಬಂದವರು, ಹೆಸರು ಕೊಟ್ಟಿದ್ದು ಆಳುವ ಪಕ್ಷ. ಅದೇ ವರ್ಷ ಹೆಂಗಸರ ಸ್ವತಂತ್ರ ಸಂಘಗಳನ್ನೆಲ್ಲ ಸೇರಿಸಿ ಪಕ್ಷದ ಕೈಕೆಳಗೆ ಒಂದೇ ಸಂಸ್ಥೆ ಮಾಡಿದರು. 1953ರಲ್ಲಿ ಎವೆಲಿನ್ ಅಮಾರ್ತೆಫಿಯೊ ಕಟ್ಟಿದ ಒಕ್ಕೂಟವೂ ಅದರಲ್ಲಿ ಕರಗಿತು. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ ಎನಿಸಿತು ನನಗೆ.

ಆದರೆ "ಕೊಟ್ಟ ಸೀಟು" ಎಂದು ಕೀಳಾಗಿ ನೋಡಲು ನನ್ನ ಮನಸ್ಸು ಒಪ್ಪುವುದಿಲ್ಲ. ನಮ್ಮಮ್ಮ ಗ್ರಾಮ ಪಂಚಾಯಿತಿಗೆ ಹೋಗಿದ್ದು ಮೀಸಲು ಸೀಟಿನಿಂದಲೇ. ಮೊದಲ ಮೀಟಿಂಗಿಗೆ ಅಪ್ಪನೇ ಜೊತೆಗೆ ಹೋಗಿದ್ದರು. ಎರಡನೇ ವರ್ಷದ ಹೊತ್ತಿಗೆ ಕುಡಿಯುವ ನೀರಿನ ಪೈಪಿನ ವಿಷಯಕ್ಕೆ ಅಮ್ಮ ಒಬ್ಬರೇ ಎದ್ದುನಿಂತು ಮಾತಾಡಿದರು. ಬಾಗಿಲು ಯಾರು ತೆಗೆದರು ಅನ್ನೋದಕ್ಕಿಂತ ಒಳಗೆ ಹೋದ ಮೇಲೆ ಏನು ಮಾಡಿದರು ಅನ್ನೋದನ್ನು ನೋಡಬೇಕು.

ಕುಮಾಸಿ ಕಂಡವ

ಸುಸಾನಾ ಅವರ ಕಾಲ 1966ರ ಫೆಬ್ರವರಿ 24ಕ್ಕೆ ಮುಗಿಯಿತು. ಸೇನೆ ಸರ್ಕಾರ ಉರುಳಿಸಿತು, ಸಂಸತ್ತೇ ಹೋಯಿತು. ಆಮೇಲೆ ಬಹಳ ವರ್ಷ ಹೆಂಗಸರ ಸಂಖ್ಯೆ ಬೆರಳೆಣಿಕೆಯಷ್ಟೇ. 2024ರ ಚುನಾವಣೆಯಲ್ಲಿ 276 ಸೀಟುಗಳಲ್ಲಿ ಹೆಂಗಸರು ಗೆದ್ದದ್ದು 41. ಮೇಬಲ್ ಡವ್ ಗೆದ್ದು ಎಪ್ಪತ್ತು ವರ್ಷಕ್ಕೆ ಇಷ್ಟು. ಆದರೆ ಅದೇ ಚುನಾವಣೆಯಿಂದ ನಾನಾ ಜೇನ್ ಒಪೊಕು-ಅಗ್ಯೆಮಾಂಗ್ ಉಪಾಧ್ಯಕ್ಷೆಯಾದರು. ಆ ಸ್ಥಾನಕ್ಕೆ ಬಂದ ಮೊದಲ ಹೆಂಗಸು. ಅವರೂ ಮೇಡಂ, ಪಾಠ ಹೇಳಿದವರು.

ಸಂತೆಯ ಹೆಂಗಸರನ್ನು ಮರೆಯಬೇಡಿ. ಪಕ್ಷ ಕಟ್ಟಲು ದುಡ್ಡು, ಜನ ಎರಡನ್ನೂ ಕೊಟ್ಟವರು ಅವರು. ಆದರೆ ಬೆಲೆ ಏರಿದಾಗ ಬೈಸಿಕೊಂಡವರೂ ಅವರೇ. 1979ರ ಆಗಸ್ಟ್ 18ರಂದು ಸೈನಿಕರು ಅಕ್ರಾದ ಮಕೋಲಾ ನಂಬರ್ ಒನ್ ಮಾರುಕಟ್ಟೆಯನ್ನು ನೆಲಸಮ ಮಾಡಿದರು. ವ್ಯಾಪಾರ ಮಾಡುವ ಹೆಂಗಸರೇ ದುಬಾರಿಗೆ ಕಾರಣ ಎಂಬುದು ಅವರ ವಾದ.

ಈಗ ಓದುಮನೆ ಅಕ್ಕ ಕೇಳಿದ ಪ್ರಶ್ನೆಗೆ ನೇರ ಉತ್ತರ. ಎರಡೂ ದಾರಿ ಬೇರೆ ಬೇರೆಯಾಗಿಯೇ ಇವೆ. ಈಗ ಅದು ಬರೀ ರೂಢಿಯ ಮಾತಲ್ಲ, ಕಾನೂನಿನ ಮಾತು. 1992ರ ಸಂವಿಧಾನದ 276ನೇ ವಿಧಿಯ ಪ್ರಕಾರ ಪಟ್ಟದಲ್ಲಿ ಇರುವವರು ಪಕ್ಷ ರಾಜಕೀಯ ಮಾಡುವಂತಿಲ್ಲ. ಸಂಸತ್ತಿಗೆ ನಿಲ್ಲಬೇಕಾದರೆ ಪಟ್ಟ ಬಿಡಬೇಕು. ಅದರ ಮುಂದಿನ ವಿಧಿ "ಮುಖ್ಯಸ್ಥ" ಎಂದರೆ ಯಾರು ಎಂದು ಹೇಳುವಾಗ ಒಹೆಮಾಗಳನ್ನೂ ಸೇರಿಸುತ್ತದೆ. ಅಂದರೆ ನಿಷೇಧ ಅವರಿಗೂ ಇದೆ. ಆದರೆ ಮುಖ್ಯಸ್ಥರ ರಾಷ್ಟ್ರೀಯ ಸಭೆಯಲ್ಲಿ ಗಂಡಸರ ಸಮನಾಗಿ ಜಾಗ ಬೇಕೆಂದು ಅವರು ವರ್ಷಗಟ್ಟಲೆ ಕೇಳಬೇಕಾಯಿತು. ಇದು ನನಗೆ ನಿಜಕ್ಕೂ ಅನ್ಯಾಯ ಅನಿಸುತ್ತದೆ. ಮುಖ್ಯಸ್ಥ ಎಂಬ ಕಟ್ಟುಪಾಡು ಪೂರ್ತಿ ಇದೆ, ಮುಖ್ಯಸ್ಥನ ಜಾಗ ಪೂರ್ತಿ ಇಲ್ಲ.

ನೇರ ಮಾತು

ಈ ಕಾನೂನಿನ ವಿಷಯ ನನಗೆ ಹೊಸದು. ನಾನು ಮೊದಲು ಕೇಳಿದ ಪ್ರಶ್ನೆಗೆ, ಅಂದರೆ ಸಾಮಾನ್ಯ ಹೆಂಗಸಿಗೆ ಏನು ಸಿಕ್ಕಿತು ಎಂಬುದಕ್ಕೆ, ಇವತ್ತಿನ ಒಂದು ಉತ್ತರ ನನಗೇ ಸಿಕ್ಕಿತು. ಪೂರ್ವ ಘಾನಾದ ಮಾನ್ಯಾ ಕ್ರೋಬೊ ಎಂಬಲ್ಲಿ ಇಂಥ ಪಟ್ಟದ ಹೆಂಗಸರು 1989ರಲ್ಲಿ ಸಂಘ ಕಟ್ಟಿದರು. ಏಡ್ಸ್‌ನಿಂದ ತಂದೆತಾಯಿ ಸತ್ತ ಮಕ್ಕಳನ್ನು ತಮ್ಮ ಮನೆಗಳಿಗೇ ಕರೆದುಕೊಂಡು ಸಾಕಿದರು. ಊರಲ್ಲಿ ಯಾರೂ ಆ ಕಾಯಿಲೆಯ ಹೆಸರು ಹೇಳಲು ಹೆದರುತ್ತಿದ್ದಾಗ ಅವರು ಬಹಿರಂಗವಾಗಿ ಮಾತಾಡಿದರು. ಕ್ರೋಬೊ ಜನರಲ್ಲಿ ಕುಲ ತಂದೆಯಿಂದ. ಹಾಗಿದ್ದೂ ಅಲ್ಲಿ ಈ ಪಟ್ಟ ಗಟ್ಟಿಯಾಗಿ ನಿಂತಿದೆ. ಅದನ್ನು ನಾನು ಒಪ್ಪಿಕೊಳ್ಳಲೇಬೇಕು.

ಕಡಲತಡಿ

ಉತ್ತರದ ಡಾಗ್‌ಬೋನ್‌ನಲ್ಲೂ ಕುಲ ತಂದೆಯಿಂದಲೇ. ಅಲ್ಲಿ ಪೀಠದ ಬದಲು ಪ್ರಾಣಿಯ ಚರ್ಮದ ಮೇಲೆ ಪಟ್ಟಕ್ಕೆ ಕೂರುತ್ತಾರೆ. ರಾಜನ ಹೆಣ್ಣುಮಕ್ಕಳಿಗೆಂದೇ ಕೆಲವು ಪಟ್ಟಗಳಿವೆ. ಅದರಲ್ಲಿ ಗುಂಡೊ ನಾ ಎಂಬುದು ದೊಡ್ಡದು. ಆಕೆಗೆ ಸ್ವಂತ ಊರು, ಸ್ವಂತ ಅಧಿಕಾರ. ಹಾಗಾಗಿ ಅಕ್ಕಾ, "ಘಾನಾದ" ಎಂದು ಶುರುಮಾಡಿದರೂ ಒಹೆಮಾ ಅಕಾನ್ ಜನರ, ಅಂದರೆ ಅಸಾಂಟೆಯವರೂ ಸೇರಿದ ದೊಡ್ಡ ಗುಂಪಿನ, ಪದ ಎಂದು ಒಂದು ಮಾತು ಸೇರಿಸಿ.

ಓದುಮನೆ, ಮೈಸೂರು

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ಇವತ್ತು ಬೆಳಿಗ್ಗೆ ಹೋಗಿ ಬೋರ್ಡ್ ಒರೆಸಿ ಹೊಸದಾಗಿ ಬರೆದೆ. "ಎಜಿಸುವಿನ ಒಹೆಮಾ ಯಾ ಅಸಾಂಟೆವಾ." ಪದವನ್ನು ಹಾಗೇ ಇಟ್ಟಿದ್ದೇನೆ. ದಿವಾನ, ಅಮಲ್ದಾರ ಎಂಬ ಪದಗಳನ್ನು ನಾವು ಕಲಿತಿಲ್ಲವೇ, ಇದನ್ನೂ ಕಲಿಯಬಹುದು. ಕೆಳಗೆ ಮೇಬಲ್ ಡವ್, ಹ್ಯಾನಾ ಕುಡ್ಜೊ, ಸುಸಾನಾ ಅಲ್-ಹಸನ್ ಮೂವರ ಹೆಸರನ್ನೂ ಬರೆದೆ.

ಅಜ್ಜಿ ಬಂದು ಕನ್ನಡಕ ಹಾಕಿಕೊಂಡು ಓದಿದರು. ಒಹೆಮಾ ಎಂದರೆ ಏನು ಎಂದು ಹೇಳಿದೆ. ತಲೆಯಾಡಿಸಿದರು. ಆಮೇಲೆ ಮತ್ತೊಂದು ಪ್ರಶ್ನೆ: "ಯಾ ಅಂತ ಇಬ್ಬರ ಹೆಸರಲ್ಲಿ ಬರುತ್ತಲ್ಲ, ಅದು ಮನೆತನದ ಹೆಸರಾ?" ಯಾ ಅಸಾಂಟೆವಾ, ಯಾ ಅಚಿಯಾ, ಇಬ್ಬರದ್ದನ್ನೂ ಗಮನಿಸಿದ್ದಾರೆ. ಕುಮಾಸಿ ಕಂಡವರೇ, ನೀವೇ ಹೇಳಬೇಕು.

ಕುಮಾಸಿ ಕಂಡವ

ಮನೆತನದ ಹೆಸರಲ್ಲ ಅಕ್ಕಾ. ಅಲ್ಲಿ ಹುಟ್ಟಿದ ವಾರವೇ ಮೊದಲ ಹೆಸರು. ಯಾ ಅಂದರೆ ಗುರುವಾರ ಹುಟ್ಟಿದ ಹೆಣ್ಣು. ಆಫುವಾ, ಆಫಿಯಾ ಎಂದರೆ ಶುಕ್ರವಾರದವಳು. ಶನಿವಾರ ಆಮಾ, ಭಾನುವಾರ ಅಕೊಸುವಾ. ಬಂಗಾರದ ಪೀಠಕ್ಕೂ ಹಾಗೇ ಹೆಸರಿದೆ, ಸಿಕಾ ದ್ವಾ ಕೋಫಿ ಅಂತ. ಅದು ಶುಕ್ರವಾರ ಇಳಿಯಿತಂತೆ, ಅದಕ್ಕೆ ಕೋಫಿ.

ಅಜ್ಜಿ ಯಾವ ವಾರ ಹುಟ್ಟಿದ್ದು ಕೇಳಿ ಹೇಳಿ, ಅವರ ಅಕಾನ್ ಹೆಸರು ಬರೆದು ಕಳಿಸುತ್ತೇನೆ.

ಓದುಮನೆ, ಮೈಸೂರು

ಕೇಳಿದೆ. ಶನಿವಾರವಂತೆ. ಬೋರ್ಡಿನ ಮೂಲೆಯಲ್ಲಿ ಆಗಲೇ "ಆಮಾ" ಎಂದು ಅವರೇ ಬರೆದು ಹೋಗಿದ್ದಾರೆ.